ಸುವರ್ಣೆಯ ಎರಡು ದಡಗಳು: ಕಲ್ಯಾಣಪುರ ಮತ್ತು ಬ್ರಹ್ಮಾವರದ ಧರ್ಮಸಭಾ ಇತಿಹಾಸ

ಉಡುಪಿಯ ಉತ್ತರಕ್ಕೆ, ಸುವರ್ಣಾ ನದಿಯ ದಕ್ಷಿಣ ದಡದಲ್ಲಿ ಕಲ್ಯಾಣಪುರವಿದೆ. ಹೊಳೆ ದಾಟಿ ಸ್ವಲ್ಪ ದೂರ ಸಾಗಿದರೆ ಬ್ರಹ್ಮಾವರ. ಗದ್ದೆ, ತೆಂಗಿನ ತೋಟ, ಹಿನ್ನೀರುಗಳ ಈ ಕರಾವಳಿಯ ನಾಡಿನಲ್ಲಿ ಇಂದು ಎರಡು ಪ್ರಧಾನಾಲಯಗಳಿವೆ. ಕಲ್ಯಾಣಪುರದ ಮಿಲಾಗ್ರಿಸ್ ದೇವಾಲಯವು 2012ರಲ್ಲಿ ಸ್ಥಾಪಿತವಾದ ಉಡುಪಿ ಕಥೋಲಿಕ ಧರ್ಮಕ್ಷೇತ್ರದ ಪ್ರಧಾನಾಲಯ. ಬ್ರಹ್ಮಾವರದ ಸಂತ ಮರಿಯಮ್ಮನವರ ದೇವಾಲಯವು ಮಲಂಕರ ಆರ್ಥೊಡಾಕ್ಸ್ ಸಿರಿಯನ್ ಸಭೆಗೆ ಸೇರಿದ್ದು. ಆ ಸಭೆಯ ಬ್ರಹ್ಮಾವರ ಧರ್ಮಕ್ಷೇತ್ರ 2010ರಲ್ಲಿ ರೂಪುಗೊಂಡಿತು. ಎರಡೂ ಕಡೆಯವರ ಪೂರ್ವಿಕರ ಮನೆಮಾತು ಕೊಂಕಣಿ. ಮನೆತನದ ಹೆಸರುಗಳೂ ಅವೇ. ಒಂದೇ ಬಳ್ಳಿ ಎರಡು ಚಪ್ಪರಗಳಿಗೆ ಹಬ್ಬಿದ್ದು ಹೇಗೆಂಬುದು ನಮ್ಮ ಮುಂದಿರುವ ಪ್ರಶ್ನೆ.

ಇದಕ್ಕೆ ಉತ್ತರವನ್ನು ಪದ್ರುವಾದೊ ಎಂಬ ವ್ಯವಸ್ಥೆಯಲ್ಲಿ ಹುಡುಕಬೇಕಾಗಿದೆ. ಪೂರ್ವದೇಶಗಳಲ್ಲಿ ಧರ್ಮಾಧ್ಯಕ್ಷರನ್ನು ಸೂಚಿಸುವ ಹಕ್ಕನ್ನೂ ದೇವಾಲಯಗಳನ್ನು ಪೋಷಿಸುವ ಹೊಣೆಯನ್ನೂ ಜಗದ್ಗುರುಗಳು ಪೋರ್ಚುಗಲ್ಲಿನ ಅರಸರಿಗೆ ವಹಿಸಿದ್ದರು. 1622ರಲ್ಲಿ ರೋಮಿನಲ್ಲಿ ಪ್ರೊಪಗಾಂಡ ಪರಿಷತ್ತು ಸ್ಥಾಪನೆಯಾದ ಮೇಲೆ ಧರ್ಮಪ್ರಸಾರದ ಹೊಣೆ ನೇರವಾಗಿ ರೋಮಿನ ಕೈಗೆ ಬರತೊಡಗಿತು. ಎರಡು ಅಧಿಕಾರಗಳ ಘರ್ಷಣೆ ಅನಿವಾರ್ಯವಾಯಿತು.

ಆದರೆ ಕೆನರಾ ಜಿಲ್ಲೆಯ ಬಡ ಒಕ್ಕಲುಗಳಿಗೆ ಲಿಸ್ಬನ್ನಿನ ಅರಸರಿಂದ ಏನಾಗಬೇಕಾಗಿತ್ತು? ಇಲ್ಲಿ 1784ರ ಸೆರೆಯನ್ನು ನೆನೆಯಬೇಕು. ಆ ವರ್ಷ ವಿಭೂತಿ ಬುಧವಾರದ ಸುಮಾರಿಗೆ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರು ಸೆರೆಯಾಗಿ ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ನಡೆದರು. ಅವರ ದೇವಾಲಯಗಳು ನೆಲಸಮವಾದವು. 1799ರಲ್ಲಿ ಬದುಕುಳಿದವರು ಹಿಂದಿರುಗಿದಾಗ ಅವರಿಗೆ ಸಂಸ್ಕಾರಗಳನ್ನು ನೀಡಿ, ಬಿದ್ದ ಗೋಡೆಗಳನ್ನು ಎತ್ತಲು ನೆರವಾದವರು ಗೋವೆಯ ಗುರುಗಳು. ಆದ್ದರಿಂದ ಈ ಜನರ ಪಾಲಿಗೆ ಗೋವೆಯೆಂದರೆ ರಾಜ್ಯಾಧಿಕಾರವಲ್ಲ. ತಮ್ಮ ಭಾಷೆಯಲ್ಲಿ ಪಾಪನಿವೇದನೆ ಕೇಳಿದ, ತಮ್ಮ ಮೃತರನ್ನು ಮಣ್ಣು ಮಾಡಿದ ಗುರುಗಳ ನೆನಪು. ಪದ್ರುವಾದೊ ನಿಷ್ಠೆಯನ್ನು ಕೇವಲ ಹಟವೆಂದು ಓದುವವರು ಈ ನೆನಪನ್ನು ಮರೆಯುತ್ತಾರೆ.

1838ರ ಜಗದ್ಗುರುಗಳ ಆಜ್ಞಾಪತ್ರವು ಪದ್ರುವಾದೊ ವ್ಯಾಪ್ತಿಯನ್ನು ಬಹುವಾಗಿ ಮೊಟಕುಗೊಳಿಸಿದರೂ ಜಗಳ ತೀರಲಿಲ್ಲ. ಒಂದೇ ಸೀಮೆಯಲ್ಲಿ ಎರಡು ಅಧಿಕಾರಗಳಿಗೆ ವಿಧೇಯವಾದ ದೇವಾಲಯಗಳು ಉಳಿದವು. 1886ರ ಜೂನ್ 23ರಂದು ಹದಿಮೂರನೆಯ ಲಿಯೋ ಜಗದ್ಗುರುಗಳಿಗೂ ಪೋರ್ಚುಗಲ್ಲಿಗೂ ಒಪ್ಪಂದವಾಯಿತು. ಅದೇ ಸೆಪ್ಟೆಂಬರ್ 1ರಂದು ಭಾರತದ ಧರ್ಮಾಧಿಕಾರ ಶ್ರೇಣಿ ಸ್ಥಾಪಿತವಾಯಿತು. ಕೆನರಾದ ದೇವಾಲಯಗಳು, 1878ರಿಂದ ಯೇಸುಸಭೆಯ ಗುರುಗಳ ವಶದಲ್ಲಿದ್ದ ಮಂಗಳೂರಿಗೆ ಸೇರಿದವು. ಆಡಳಿತದ ದೃಷ್ಟಿಯಿಂದ ಇದು ವಿವೇಕದ ನಿರ್ಧಾರವೇ. ಆದರೆ ಇದು ನಿಶ್ಚಯವಾದದ್ದು ಯೂರೋಪಿನಲ್ಲಿ. ಸುವರ್ಣೆಯ ದಡದ ಭಕ್ತವಿಶ್ವಾಸಿಗಳಿಗೆ ತಲುಪಿದ್ದು ಫಲಿತಾಂಶ ಮಾತ್ರ.

ಕಲ್ಯಾಣಪುರದ ಒಂದು ಪಂಗಡ ಇದನ್ನು ಒಪ್ಪಲಿಲ್ಲ. ಅವರ ಮುಂದಾಳು ಗುರು ರೋಕಿ ಝೆಫ್ರಿನ್ ನೊರೊನ್ಹಾ. ಇದೇ ಕಾಲದಲ್ಲಿ ಗೋವೆಯ ವೆರ್ಣಾದ ಗುರು ಆಂತೋನಿಯೊ ಫ್ರಾನ್ಸಿಸ್ಕೊ ಶಾವಿಯೆರ್ ಆಲ್ವಾರಿಸ್ ಪತ್ರಿಕೆಗಳ ಮೂಲಕ ಧರ್ಮಾಧಿಕಾರಿಗಳೊಡನೆ ಹೋರಾಡಿ, ಕೊನೆಗೆ ಮಲಂಕರದ ಸಿರಿಯನ್ ಸಭೆಯನ್ನು ಸೇರಿದ್ದರು. 1889ರ ಜುಲೈ 29ರಂದು ಅವರು ಮಾರ್ ಜೂಲಿಯಸ್ ಎಂಬ ನಾಮದಿಂದ ಧರ್ಮಾಧ್ಯಕ್ಷರಾಗಿ ಅಭಿಷಿಕ್ತರಾದರು. ನೊರೊನ್ಹಾ ಮತ್ತು ಅವರ ಜನ ಆಲ್ವಾರಿಸರೊಡನೆ ನಿಂತರು. ಬ್ರಹ್ಮಾವರ ಅವರ ನೆಲೆಯಾಯಿತು. 1936ರಲ್ಲಿ ತೀರಿಕೊಳ್ಳುವವರೆಗೂ ನೊರೊನ್ಹಾ ಈ ಜನರ ಸೇವೆಯಲ್ಲಿದ್ದರು. ಮೊದಲು ಲತೀನ್ ವಿಧಿಯನ್ನೇ ಉಳಿಸಿಕೊಂಡಿದ್ದ ಸಮುದಾಯ ಕಾಲಕ್ರಮದಲ್ಲಿ ಸಿರಿಯಕ್ ವಿಧಿಗೆ ಬಂದಿತು. ಆಲ್ವಾರಿಸರು ಪಣಜಿಯಲ್ಲಿ ಬಡವರ, ರೋಗಿಗಳ ಸೇವೆಗೈದು, 1923ರ ಸೆಪ್ಟೆಂಬರ್ 23ರಂದು ರೋಮಿನೊಡನೆ ರಾಜಿಯಾಗದೆಯೇ ಮೃತರಾದರು.

ಈ ಇತಿಹಾಸವನ್ನು ನಾವು ಹೇಗೆ ಬೋಧಿಸಬೇಕು? ಪೇತ್ರನ ಉತ್ತರಾಧಿಕಾರಿಯೊಡನೆ ಅನ್ಯೋನ್ಯತೆ ನಮಗೆ ಬೇಕಾದರೆ ಇಟ್ಟುಕೊಳ್ಳುವ, ಬೇಡವಾದರೆ ಬಿಡುವ ವಸ್ತುವಲ್ಲ. ಅದನ್ನು ಕಡಿದುಕೊಂಡದ್ದು ಗಾಯವೇ ಸರಿ. ಆದರೆ ಇಲ್ಲಿ ವಿವಾದ ಹುಟ್ಟಿದ್ದು ವಿಶ್ವಾಸಸಾರದ ಯಾವ ಸೂತ್ರದ ಬಗೆಗೂ ಅಲ್ಲ, ಯಾವ ಸಂಸ್ಕಾರದ ಬಗೆಗೂ ಅಲ್ಲ. ಕುರಿಮಂದೆಯನ್ನು ಯಾರು ಕಾಯಬೇಕೆಂಬುದರ ಬಗೆಗೆ, ಆ ಮಂದೆಯ ಮಾತನ್ನು ಕೇಳದೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1964ರ ಕ್ರೈಸ್ತೈಕ್ಯ ಶಾಸನದಲ್ಲಿ, ಇಂಥ ಬಿರುಕುಗಳಲ್ಲಿ ಅನೇಕ ವೇಳೆ ಎರಡೂ ಕಡೆಯವರ ದೋಷವಿರುವುದನ್ನು ಒಪ್ಪಿಕೊಂಡಿದೆ. ಅಂಥ ಸಮುದಾಯಗಳಲ್ಲಿ ಇಂದು ಹುಟ್ಟಿ ಬೆಳೆಯುವವರ ಮೇಲೆ ಒಡಕಿನ ಪಾಪವನ್ನು ಹೊರಿಸಲಾಗದೆಂದೂ ಬೋಧಿಸಿದೆ. ತರಗತಿಗಳಲ್ಲಿ ಬ್ರಹ್ಮಾವರವನ್ನು ‘ಒಡಕು’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವ ನಾವು ಈ ಬೋಧನೆಯ ಮುಂದೆ ನಮ್ಮನ್ನು ಪರೀಕ್ಷಿಸಿಕೊಳ್ಳಬೇಕು.

ಇದು ಪುಸ್ತಕದ ಪ್ರಶ್ನೆ ಮಾತ್ರವಲ್ಲ. ಕ್ರಿಸ್ತರ ಕುರಿತಾದ ವಿಶ್ವಾಸದ ಬಗೆಗೆ ಕಥೋಲಿಕ ಮತ್ತು ಮಲಂಕರ ಆರ್ಥೊಡಾಕ್ಸ್ ಸಭೆಗಳು 1990ರಲ್ಲಿ ಜಂಟಿ ಹೇಳಿಕೆಯನ್ನು ಪ್ರಕಟಿಸಿವೆ. ಧರ್ಮಸಭಾ ಕಾನೂನಿನ 844ನೆಯ ವಿಧಿಯ ಮೂರನೆಯ ಭಾಗದಂತೆ, ಪೌರಸ್ತ್ಯ ಸಭೆಯವರು ತಾವಾಗಿಯೇ ಕೇಳಿಕೊಂಡು, ಯೋಗ್ಯ ಮನಸ್ಥಿತಿಯಲ್ಲಿದ್ದರೆ ಪಾಪನಿವೇದನೆ, ಪರಮಪ್ರಸಾದ, ರೋಗಿಗಳ ಅಭ್ಯಂಗ ಸಂಸ್ಕಾರಗಳನ್ನು ನಮ್ಮ ಗುರುಗಳು ನೀಡಬಹುದು. ಹೊಳೆಯ ಎರಡೂ ದಡಗಳ ಯುವಕ ಯುವತಿಯರು ವಿವಾಹವಾಗಬಯಸಿ ಧರ್ಮಕೇಂದ್ರದ ಬಾಗಿಲಿಗೆ ಬಂದಾಗ, ನಮ್ಮ ಗುರು ಅಭ್ಯರ್ಥಿಗಳು ಅಂಜಿಕೆಯಿಂದಲ್ಲ, ತಿಳಿವಳಿಕೆಯಿಂದ ಮಾತನಾಡುವಂತಾಗಬೇಕು. ಜನವರಿ 18ರಿಂದ 25ರವರೆಗಿನ ಐಕ್ಯಪ್ರಾರ್ಥನಾ ಸಪ್ತಾಹದಲ್ಲಿ ಕಲ್ಯಾಣಪುರದಿಂದ ಸೇತುವೆ ದಾಟಿ ಬ್ರಹ್ಮಾವರಕ್ಕೆ ಹೋಗಿ, ಆ ಸಭೆಯ ಹಿರಿಯರ ಬಾಯಿಂದಲೇ ಈ ಕಥೆಯನ್ನು ಕೇಳುವುದು ಒಳ್ಳೆಯ ಆರಂಭವಾದೀತು. 1886ರಲ್ಲಿ ಕೇಳದೇ ಉಳಿದದ್ದನ್ನು ಈಗಲಾದರೂ ಕೇಳೋಣ.