ಗೆಡ್ಡೆಯಿಂದ ಬೀಜಕ್ಕೆ: ಕಾಬಾಳೆಯ ಕಥೆ

ನಮ್ಮ ಮಳವಳ್ಳಿ ಕಡೆ ಕಾಬಾಳೆ ಗಿಡವನ್ನ ಯಾರೂ ದುಡ್ಡು ಕೊಟ್ಟು ತರಲ್ಲ. ಬಚ್ಚಲು ನೀರು ಹರಿಯೋ ಜಾಗದಲ್ಲಿ ಅದು ತಾನಾಗೇ ಇರುತ್ತೆ. ಬೇಕು ಅಂತ ಕೇಳಿದ್ರೆ, "ಒಂದ್ ಗೆಡ್ಡೆ ಕಿತ್ಕೊಂಡೋಗಿ ಮಡಗು, ಬತ್ತದೆ" ಅಂತಾರೆ. ಬೀಜ ಹಾಕಿ ಬೆಳೆಸ್ತೀನಿ ಅಂದ್ರೆ ನಗ್ತಾರೆ. ನಗೋದಕ್ಕೂ ಒಂದು ಇತಿಹಾಸ ಇದೆ.

ಗಿಡ ನಮ್ಮದಲ್ಲ, ಅಮೆರಿಕ ಖಂಡದ್ದು. 1753ರಲ್ಲಿ ಲಿನೇಯಸ್ ಇದಕ್ಕೆ 'ಕ್ಯಾನಾ ಇಂಡಿಕಾ' ಅಂತ ಹೆಸರಿಟ್ಟ. ನೋಡಿದವರಿಗೆ ಭಾರತದ್ದೇ ಅನ್ನಿಸೋ ಹೆಸರು. ಬೀಜ ಕಪ್ಪಗೆ, ಗುಂಡಗೆ, ಬಂದೂಕಿನ ಚರೆಯ ಹಾಗೆ ಗಟ್ಟಿ. ಹಾಗಾಗಿ ಇಂಗ್ಲಿಷಿನವರು 'ಇಂಡಿಯನ್ ಶಾಟ್' ಅಂದರು. 1857ರ ದಂಗೆಯಲ್ಲಿ ಗುಂಡು ಖಾಲಿಯಾದಾಗ ಸಿಪಾಯಿಗಳು ಇದನ್ನೇ ತುಂಬಿ ಹೊಡೆದರು, ಹೆಸರು ಅಲ್ಲಿಂದ ಬಂತು ಅಂತ ಒಂದು ಕಥೆ ಓಡಾಡುತ್ತೆ. ನಂಬಬೇಡಿ, ಹೆಸರು ದಂಗೆಗಿಂತ ಹಳೇದು.

ನಿಜವಾದ ಕಥೆ ಇನ್ನೂ ಚೆನ್ನಾಗಿದೆ. ಅರ್ಜೆಂಟೀನಾದ ಹಳೇ ಸಮಾಧಿಯೊಂದರಲ್ಲಿ ಅಕ್ರೋಟದ ಚಿಪ್ಪಿನ ಗಿಲಕಿ ಹಾರ ಸಿಕ್ತು. ಚಿಪ್ಪಿನೊಳಗೆ ಸದ್ದು ಮಾಡ್ತಿದ್ದದ್ದು ಕಾಬಾಳೆ ಬೀಜ. ಅದರಲ್ಲೊಂದು ಮೊಳೆತು ಗಿಡವಾಯ್ತು! ಕಾರ್ಬನ್ ಪರೀಕ್ಷೆ ಮಾಡಿ 1971ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ವಯಸ್ಸು ಸುಮಾರು 600 ವರ್ಷ. ನಮ್ಮಲ್ಲಿ ವಿಜಯನಗರ ಇನ್ನೂ ಎಳೇ ರಾಜ್ಯವಾಗಿದ್ದ ಕಾಲದ ಬೀಜ.

ಇಂಥಾ ಬೀಜ ಇದ್ದೂ ಗೆಡ್ಡೆ ಗೆದ್ದದ್ದು ಯಾಕೆ? ಫ್ರಾನ್ಸಿನ ಆನ್ನೇ ಅನ್ನೋನು ದಕ್ಷಿಣ ಅಮೆರಿಕದಿಂದ ವಾಪಸಾಗಿ 1840ರ ದಶಕದಲ್ಲಿ ಪ್ಯಾರಿಸಿನಲ್ಲಿ ತಳಿ ಬೆರೆಸೋಕೆ ಶುರು ಮಾಡಿದ. ಆಮೇಲೆ ಲಿಯಾನಿನ ಕ್ರೋಜಿ ದೊಡ್ಡ ದೊಡ್ಡ ಹೂವಿನ ತಳಿ ತಂದ. ಬೆರಕೆ ಗಿಡದ ಬೀಜ ಹಾಕಿದ್ರೆ ತಾಯಿಯ ಹಾಗೇ ಬರಲ್ಲ, ಕೆಲವು ಬೀಜಾನೇ ಕಟ್ಟಲ್ಲ. ಅದೇ ಹೂವು ಬೇಕು ಅಂದ್ರೆ ಗೆಡ್ಡೆ ಒಡೆದು ನೆಡಬೇಕು. ಆದರೆ ಗೆಡ್ಡೆ ಜೊತೆ ವೈರಸ್ಸೂ ಹೋಗುತ್ತೆ. ಎಲೆ ಮೇಲೆ ಹಳದಿ ಗೀರು ಬಿದ್ದು, ಗಿಡ ವರ್ಷದಿಂದ ವರ್ಷಕ್ಕೆ ಕುಗ್ಗುತ್ತೆ. ಬೀಜದಲ್ಲಿ ಆ ಭಯ ತೀರಾ ಕಡಿಮೆ.

ಗ್ರೀನ್‌ಹೌಸಿನವರು ಬೀಜಕ್ಕೆ ವಾಪಸ್ ಬಂದದ್ದು ಇಂಥದ್ದಕ್ಕೇ. ಬೀಜದಿಂದಲೇ ಒಂದೇ ಸಮ ಬರೋ 'ಟ್ರಾಪಿಕಲ್ ರೋಸ್' ತಳಿಗೆ 1992ರಲ್ಲಿ ಅಮೆರಿಕದ ಬಹುಮಾನ ಬಂತು. ಈ ವಿದ್ಯೆ ನಮಗೆ ಹೊಸದೇನಲ್ಲ: 1965ರಲ್ಲೇ ಮನಮೋಹನ ಅತ್ತಾವರ ಬೆಂಗಳೂರಲ್ಲಿ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಕಟ್ಟಿ, ಹೂವಿನ ಬೀಜವನ್ನ ಹೊರದೇಶಕ್ಕೆ ಕಳಿಸಿದ್ದರು.

ಮಳವಳ್ಳಿಯಲ್ಲಿ ಪಾಲಿಹೌಸ್ ಹಾಕೋ ಯೋಚನೆಯಲ್ಲಿರೋ ಹುಡುಗರಿಗೆ ನಾನು ಹೇಳೋದು ಖರ್ಚಿನ ಮಾತು. ಕಾಬಾಳೆಯಲ್ಲಿ ಕೂಲಿ ಹೋಗೋದು ಬೀಜಕ್ಕೆ. ಒಂದೊಂದನ್ನೇ ಹಿಡಿದು, ಕರೀ ಸಿಪ್ಪೆ ಸವೆದು ಒಳಗಿನ ಬಿಳಿ ಕಾಣೋವರೆಗೆ ಅರದಲ್ಲಿ ಉಜ್ಜಬೇಕು. ಒಂದು ದಿನ ಬೆಚ್ಚಗಿನ ನೀರಲ್ಲಿ ನೆನೆಸಿ, ಕೋಕೋಪೀಟ್ ತುಂಬಿದ ಟ್ರೇಗೆ ಹಾಕಬೇಕು. ಬೆಚ್ಚಗಿದ್ರೆ ಒಂದೆರಡು ವಾರದಲ್ಲಿ ಮೊಳಕೆ. ಉಜ್ಜದೆ ಹಾಕಿದ್ರೆ ಟ್ರೇ ತಿಂಗಳುಗಟ್ಟಲೆ ಸುಮ್ಮನೆ ಕೂತಿರುತ್ತೆ, ಬಾಡಿಗೆ ಮಾತ್ರ ಓಡ್ತಿರುತ್ತೆ.