ಟ್ಯಾರಂಟುಲಾಗಳ ಪೊರೆಪೂರ್ವ ಉಪವಾಸ

ಪೊರೆಪೂರ್ವ ಉಪವಾಸ ಎಂದರೆ ಟ್ಯಾರಂಟುಲಾ ಜೇಡಗಳು ಪೊರೆ ಕಳಚುವ ಮೊದಲು ಆಹಾರವನ್ನು ತ್ಯಜಿಸುವ ಸಹಜ ಹಂತ. ಇದು ಜೇಡದ ವಯಸ್ಸು ಮತ್ತು ಪ್ರಭೇದಕ್ಕೆ ಅನುಗುಣವಾಗಿ ಕೆಲವು ದಿನಗಳಿಂದ ಕೆಲವು ತಿಂಗಳವರೆಗೆ ಇರುತ್ತದೆ. ಟ್ಯಾರಂಟುಲಾಗಳು ಥೆರಾಫೋಸಿಡೇ ಕುಟುಂಬಕ್ಕೆ ಸೇರಿದ, ರೋಮಭರಿತವಾದ ದೊಡ್ಡ ಜೇಡಗಳು. ಇವುಗಳ ಹಲವು ಪ್ರಭೇದಗಳನ್ನು ಮನೆಗಳಲ್ಲಿ ಸಾಕಲಾಗುತ್ತದೆ. ಸಾಕಿದ ಜೇಡದ ಉಪವಾಸವನ್ನು ರೋಗವೆಂದು ತಪ್ಪಾಗಿ ತಿಳಿದು ಗೂಡಿನೊಳಗೆ ಜೀವಂತ ಬೇಟೆಯನ್ನು ಬಿಡುವುದು ಅದರ ಸಾವಿಗೂ ಕಾರಣವಾಗಬಹುದು.

ಕಾರಣ

ಜೇಡದ ದೇಹವನ್ನು ಕೈಟಿನ್ ಮತ್ತು ಪ್ರೋಟೀನುಗಳಿಂದಾದ ಗಡುಸಾದ ಹೊರಕವಚವು ಆವರಿಸಿರುತ್ತದೆ. ಈ ಕವಚವು ದೇಹದೊಂದಿಗೆ ಬೆಳೆಯುವುದಿಲ್ಲವಾದ್ದರಿಂದ ಜೇಡವು ಅದನ್ನು ಕಾಲಕಾಲಕ್ಕೆ ಕಳಚಬೇಕಾಗುತ್ತದೆ. ಎಕ್ಡೈಸೋನ್ ವರ್ಗದ ಹಾರ್ಮೋನುಗಳ ಪ್ರಭಾವದಿಂದ ಹಳೆಯ ಕವಚವು ಒಳಚರ್ಮದಿಂದ ಬೇರ್ಪಡುತ್ತದೆ ಮತ್ತು ಅದರ ಅಡಿಯಲ್ಲಿ ಮೃದುವಾದ ಹೊಸ ಕವಚವು ರೂಪುಗೊಳ್ಳುತ್ತದೆ.

ಪೊರೆಯೊಂದಿಗೆ ಕಳಚಿಹೋಗುವುದು ಹೊರಮೈಯ ಹೊದಿಕೆ ಮಾತ್ರವಲ್ಲ. ವಿಷದಂತಗಳ ಕವಚ, ಗಂಟಲು ಹಾಗೂ ಹೀರುಜಠರದ ಒಳಪದರಗಳೂ ಬದಲಾಗುತ್ತವೆ. ಟ್ಯಾರಂಟುಲಾ ತನ್ನ ಬೇಟೆಯ ಮೇಲೆ ಜೀರ್ಣರಸವನ್ನು ಸುರಿದು, ದ್ರವರೂಪಕ್ಕೆ ಬಂದ ಆಹಾರವನ್ನು ಹೀರುಜಠರದ ಸಹಾಯದಿಂದ ಒಳಗೆಳೆದುಕೊಳ್ಳುತ್ತದೆ. ಬೇಟೆ ಹಿಡಿಯುವ ಮತ್ತು ಹೀರುವ ಅಂಗಗಳೇ ನವೀಕರಣಗೊಳ್ಳುತ್ತಿರುವ ಅವಧಿಯಲ್ಲಿ ಅದು ಆಹಾರ ಸೇವಿಸುವುದಿಲ್ಲ. ಮೊದಲೇ ಉದರದಲ್ಲಿ ಸಂಗ್ರಹವಾದ ಪೋಷಕಾಂಶಗಳು ಈ ಕಾಲದಲ್ಲಿ ಬಳಕೆಯಾಗುತ್ತವೆ.

ಲಕ್ಷಣಗಳು

ಉಪವಾಸದ ಜೊತೆಗೆ ಸಾಮಾನ್ಯವಾಗಿ ಈ ಕೆಳಗಿನ ಲಕ್ಷಣಗಳು ಕಂಡುಬರುತ್ತವೆ:

• ಉದರವು ಉಬ್ಬಿ ಹೊಳಪು ಪಡೆಯುತ್ತದೆ, ಮೈಬಣ್ಣ ಮಂಕಾಗುತ್ತದೆ.
• ಚಲನೆ ನಿಧಾನವಾಗುತ್ತದೆ. ಬೇಟೆ ಹತ್ತಿರ ಬಂದರೆ ಜೇಡವು ಹಿಂದೆ ಸರಿಯುತ್ತದೆ.
• ಬಿಲದಲ್ಲಿ ವಾಸಿಸುವ ಪ್ರಭೇದಗಳು ಬಿಲದ ಬಾಯನ್ನು ಮಣ್ಣು ಅಥವಾ ರೇಷ್ಮೆಯಿಂದ ಮುಚ್ಚಿಕೊಳ್ಳುತ್ತವೆ.
• ಕೊನೆಯ ದಿನಗಳಲ್ಲಿ ಜೇಡವು ನೆಲದ ಮೇಲೆ ರೇಷ್ಮೆಯ ಹಾಸನ್ನು ನೇಯುತ್ತದೆ.

ಅಮೆರಿಕ ಖಂಡಗಳ ಅನೇಕ ಪ್ರಭೇದಗಳು ಆತ್ಮರಕ್ಷಣೆಗಾಗಿ ಉದರದ ತುರಿಕೆ ರೋಮಗಳನ್ನು ಉದುರಿಸುತ್ತವೆ. ಇದರಿಂದ ಉಂಟಾದ ಬೋಳು ಭಾಗವು ಪೊರೆ ಕಳಚುವ ಮುನ್ನ ಕಪ್ಪಾಗುತ್ತದೆ; ಅಡಿಯಲ್ಲಿ ಬೆಳೆದ ಹೊಸ ರೋಮಗಳೇ ಈ ಬಣ್ಣಕ್ಕೆ ಕಾರಣ. ಮೆಕ್ಸಿಕೋದ ಕೆಂಪು ಮಂಡಿಯ ಟ್ಯಾರಂಟುಲಾದಲ್ಲಿ (ಬ್ರಾಕಿಪೆಲ್ಮಾ ಹಮೋರಿ) ಇದನ್ನು ಸ್ಪಷ್ಟವಾಗಿ ಗುರುತಿಸಬಹುದು. ಭಾರತ ಮತ್ತು ಶ್ರೀಲಂಕಾದ ಪೊಸಿಲೋಥೀರಿಯಾ ಕುಲದ ಜೇಡಗಳಿಗೆ ತುರಿಕೆ ರೋಮಗಳಿಲ್ಲದ ಕಾರಣ ಅವುಗಳಲ್ಲಿ ಈ ಗುರುತು ಕಾಣುವುದಿಲ್ಲ.

ಅವಧಿ

ಮರಿಗಳು ವರ್ಷಕ್ಕೆ ಹಲವು ಬಾರಿ ಪೊರೆ ಕಳಚುತ್ತವೆ. ಅವುಗಳ ಉಪವಾಸ ಕೆಲವು ದಿನಗಳಿಂದ ಒಂದೆರಡು ವಾರಗಳಷ್ಟಿರುತ್ತದೆ. ಪ್ರೌಢ ಹೆಣ್ಣುಗಳು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಅಥವಾ ಅದಕ್ಕಿಂತ ವಿರಳವಾಗಿ ಪೊರೆ ಬಿಡುವುದರಿಂದ ಅವುಗಳ ಉಪವಾಸವು ವಾರಗಳಿಂದ ತಿಂಗಳುಗಳವರೆಗೆ ಮುಂದುವರಿಯಬಹುದು. ಚಿಲಿ ದೇಶದ ಗ್ರಾಮೊಸ್ಟೋಲಾ ರೋಸಿಯಾ ದೀರ್ಘ ಉಪವಾಸಕ್ಕೆ ಹೆಸರಾಗಿದೆ. ಆದರೆ ಎಲ್ಲ ಉಪವಾಸವೂ ಪೊರೆಗೆ ಸಂಬಂಧಿಸಿದ್ದಲ್ಲ. ಋತುಮಾನದ ಬದಲಾವಣೆ, ಹೊಸ ಗೂಡು ಹಾಗೂ ಅತಿಯಾದ ಆಹಾರವೂ ಹಸಿವನ್ನು ಕುಗ್ಗಿಸುತ್ತವೆ. ಕೊನೆಯ ಪೊರೆ ಕಳಚಿ ಪ್ರೌಢಾವಸ್ಥೆಗೆ ಬಂದ ಗಂಡು ಜೇಡವು ಸಂಗಾತಿಯ ಹುಡುಕಾಟದಲ್ಲಿ ತೊಡಗಿ ಕಡಿಮೆ ತಿನ್ನುತ್ತದೆ.

ಸಾಕಣೆಯಲ್ಲಿ ಆಹಾರ ಕ್ರಮ

ಸಾಕಿದ ಟ್ಯಾರಂಟುಲಾಗಳಿಗೆ ಚಿಮ್ಮಂಡೆ, ಜಿರಲೆ ಮುಂತಾದ ಕೀಟಗಳನ್ನು ನೀಡಲಾಗುತ್ತದೆ. ಬೇಟೆಯ ಗಾತ್ರವು ಜೇಡದ ಉದರಕ್ಕಿಂತ ದೊಡ್ಡದಿರಬಾರದು ಎಂಬುದು ರೂಢಿಯ ನಿಯಮ. ಜೇಡವು ಆಹಾರ ನಿರಾಕರಿಸಿದರೆ 24 ಗಂಟೆಗಳೊಳಗೆ ಬೇಟೆಯನ್ನು ಹೊರತೆಗೆಯಬೇಕು. ಪೊರೆಯ ಲಕ್ಷಣಗಳು ಸ್ಪಷ್ಟವಾಗಿದ್ದರೆ ಒಡನೆಯೇ ತೆಗೆಯುವುದು ಸೂಕ್ತ. ಪೊರೆ ಕಳಚುತ್ತಿರುವ ಜೇಡವು ತನ್ನನ್ನು ರಕ್ಷಿಸಿಕೊಳ್ಳಲಾರದು. ಚಿಮ್ಮಂಡೆಯಂತಹ ಸಣ್ಣ ಕೀಟವೂ ಅದರ ಮೃದುವಾದ ಮೈಯನ್ನು ಕಚ್ಚಿ ಮಾರಣಾಂತಿಕ ಗಾಯ ಮಾಡಬಲ್ಲದು. ಬಲವಂತವಾಗಿ ಉಣಿಸುವ ಅಥವಾ ಕೈಯಲ್ಲಿ ಎತ್ತಿಕೊಳ್ಳುವ ಪ್ರಯತ್ನ ಸಲ್ಲದು. ಉಪವಾಸದ ಅವಧಿಯಲ್ಲೂ ಆಳವಿಲ್ಲದ ತಟ್ಟೆಯಲ್ಲಿ ನೀರು ಸದಾ ಲಭ್ಯವಿರಬೇಕು, ಏಕೆಂದರೆ ದೇಹದಲ್ಲಿ ದ್ರವಾಂಶ ಕಡಿಮೆಯಾದರೆ ಹಳೆಯ ಕವಚದಿಂದ ಹೊರಬರುವುದು ಕಷ್ಟವಾಗುತ್ತದೆ.

ಸಾವು ಮತ್ತು ಪೊರೆ ಕಳಚುವಿಕೆಯ ವ್ಯತ್ಯಾಸ

ಹೆಚ್ಚಿನ ಟ್ಯಾರಂಟುಲಾಗಳು ಬೆನ್ನಿನ ಮೇಲೆ ಮಲಗಿ, ಕಾಲುಗಳನ್ನು ಮೇಲಕ್ಕೆ ಮಾಡಿ ಪೊರೆ ಕಳಚುತ್ತವೆ. ಈ ಭಂಗಿಯನ್ನು ಕಂಡು ಜೇಡ ಸತ್ತಿದೆಯೆಂದು ಭಾವಿಸಿ ಎಸೆಯುವ ಸಂಭವವಿದೆ. ಸಾಯುತ್ತಿರುವ ಜೇಡವು ಸಾಮಾನ್ಯವಾಗಿ ಹೊಟ್ಟೆ ಕೆಳಗಾಗಿದ್ದು, ಕಾಲುಗಳನ್ನು ದೇಹದ ಅಡಿಗೆ ಮುದುಡಿಕೊಂಡಿರುತ್ತದೆ. ಉದರದ ಸ್ಥಿತಿಯೂ ಮುಖ್ಯ ಸೂಚಕ: ಪೊರೆಪೂರ್ವ ಹಂತದಲ್ಲಿ ಅದು ತುಂಬಿಕೊಂಡಿರುತ್ತದೆ, ನಿರ್ಜಲೀಕರಣದಲ್ಲಿ ಸುಕ್ಕುಗಟ್ಟಿ ಕುಗ್ಗಿರುತ್ತದೆ. ಪೊರೆ ಕಳಚುವ ಕ್ರಿಯೆಯು ಒಂದು ಗಂಟೆಗಿಂತ ಕಡಿಮೆ ಅವಧಿಯಿಂದ ಹಲವು ಗಂಟೆಗಳವರೆಗೆ ನಡೆಯುತ್ತದೆ. ಆ ವೇಳೆ ಜೇಡವನ್ನು ಮುಟ್ಟಬಾರದು, ಮಗುಚಬಾರದು.

ಪೊರೆ ಕಳಚಿದ ನಂತರ

ಹೊಸ ವಿಷದಂತಗಳು ಮೊದಲು ಬಿಳಿಯಾಗಿದ್ದು, ಗಡುಸಾದಂತೆ ಕೆಂಪು ಬಣ್ಣಕ್ಕೆ, ಬಳಿಕ ಕಪ್ಪು ಬಣ್ಣಕ್ಕೆ ತಿರುಗುತ್ತವೆ. ಅವು ಪೂರ್ಣ ಕಪ್ಪಾದ ಮೇಲೆಯೇ ಆಹಾರ ನೀಡಬೇಕು. ಇದಕ್ಕೆ ಮರಿಗಳಲ್ಲಿ ಕೆಲವು ದಿನಗಳು, ದೊಡ್ಡ ಜೇಡಗಳಲ್ಲಿ ಒಂದರಿಂದ ಎರಡು ವಾರ ಅಥವಾ ಹೆಚ್ಚಿನ ಕಾಲ ಬೇಕಾಗುತ್ತದೆ. ಉಪವಾಸ ಮುರಿಯಲು ಚಿಕ್ಕದಾದ, ಮೃದುದೇಹದ ಕೀಟವೇ ಸುರಕ್ಷಿತ.