ತಪ್ಪು ಹೆಸರು ಹೊತ್ತ ನೋವು

ಬೆಳಗಿನ ಕಾಫಿ ಲೋಟವನ್ನು ಬಲಗೈಯಿಂದ ಎತ್ತಲಾರದೆ ಎಡಗೈಗೆ ವರ್ಗಾಯಿಸಿದ ದಿನ ನನಗೆ ಮೊದಲ ಬಾರಿ ಭಯವಾಯಿತು. ಐವತ್ತು ದಾಟಿದ ಮೇಲೆ ಕಬ್ಬಿಣ ಎತ್ತುವ ಹುಚ್ಚು ಹತ್ತಿಸಿಕೊಂಡವನು ನಾನು. ಮೊದಲ ವರ್ಷ ತೋಳು ತುಂಬಿಕೊಂಡಿತು. ಎರಡನೆಯ ವರ್ಷ ಮೊಣಕೈಯ ಹೊರಮಗ್ಗುಲಲ್ಲಿ ಬೆರಳಿಟ್ಟರೆ ಜೀವ ಹೋಗುವಂಥ ನೋವು. ಲೇಖನಿ ಹಿಡಿದು ಒಂದು ಪುಟ ಬರೆಯುವುದೂ ದುಸ್ತರವಾಯಿತು. ಬರವಣಿಗೆಯಿಂದಲೇ ಬದುಕುವವನಿಗೆ ಇದು ಸಣ್ಣ ಮಾತಲ್ಲ. ವೈದ್ಯರು ‘ಟೆನಿಸ್ ಎಲ್ಬೋ’ ಎಂದರು. ಜನ್ಮದಲ್ಲಿ ಟೆನಿಸ್ ಬ್ಯಾಟು ಮುಟ್ಟದವನಿಗೆ ಎಂಥ ಬಿರುದು!

ಆ ಹೆಸರಿನ ಚರಿತ್ರೆ ಸ್ವಾರಸ್ಯವಾಗಿದೆ. ಜರ್ಮನಿಯ ವೈದ್ಯ ರುಂಗೆ ಈ ನೋವನ್ನು ವರ್ಣಿಸಿದ್ದು 1873ರಲ್ಲಿ. ಅವರ ಲೇಖನದ ವಿಷಯ ಆಟವಲ್ಲ, ಬರೆಯುವವರ ಕೈಸೆಡೆತ. ಇಂಗ್ಲೆಂಡಿನ ವಾಲ್ಟರ್ ವಿಂಗ್‌ಫೀಲ್ಡ್ ಲಾನ್ ಟೆನಿಸ್ಸಿಗೆ ಪೇಟೆಂಟ್ ಪಡೆದದ್ದು 1874ರಲ್ಲಿ. ಎಂದರೆ ಆಟಕ್ಕೆ ಪೇಟೆಂಟ್ ಸಿಗುವ ಮುನ್ನವೇ ನೋವು ದಾಖಲೆಯಾಗಿತ್ತು! ವಿಂಬಲ್ಡನ್ ಪಂದ್ಯಗಳು 1877ರಲ್ಲಿ ಆರಂಭವಾದವು. 1882ರಲ್ಲಿ ಹೆನ್ರಿ ಮಾರಿಸ್ ಎಂಬ ವೈದ್ಯರು ‘ಲಾನ್ ಟೆನಿಸ್ ತೋಳು’ ಎಂದರು, ಮರುವರ್ಷ ಅದು ‘ಲಾನ್ ಟೆನಿಸ್ ಮೊಣಕೈ’ ಆಯಿತು. ಲೇಖಕನ ನೋವು ಆಟಗಾರನ ಪಾಲಾಯಿತು. ನಮ್ಮ ಮನೆಮನೆಗೂ ಈ ಹೆಸರನ್ನು ತಂದದ್ದು 2004ರಲ್ಲಿ ಸಚಿನ್ ತೆಂಡೂಲ್ಕರರ ಮೊಣಕೈ. ಅವರಿಗೆ ಮರುವರ್ಷ ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು.

ಭಾರ ಎತ್ತುವವನ ಮೊಣಕೈ ಏಕೆ ನೋಯಬೇಕು? ಮರ್ಮವಿರುವುದು ಮುಷ್ಟಿಯಲ್ಲಿ. ಬೆರಳು ಬಿಗಿಯುವ ಸ್ನಾಯುಗಳು ಮಣಿಕಟ್ಟನ್ನೂ ಒಳಕ್ಕೆ ಎಳೆಯುತ್ತವೆ. ಹಾಗೆ ಬಾಗದಂತೆ ಹಿಂಬದಿಯಿಂದ ಜಗ್ಗಿ ನಿಲ್ಲಿಸುವ ಸ್ನಾಯುಗಳ ಬುಡವಿರುವುದು ಮೊಣಕೈಯ ಹೊರಮೂಳೆಯಲ್ಲಿ. ಅವುಗಳನ್ನು ಮೂಳೆಗೆ ಬಿಗಿಯುವ ಹುರಿಯೇ ಸ್ನಾಯುರಜ್ಜು. ಸ್ನಾಯು ಬೇಗ ಬಲಿಯುತ್ತದೆ, ಹುರಿ ನಿಧಾನಿ. ತೋಳು ದಪ್ಪವಾಯಿತೆಂದು ತೂಕ ಏರಿಸುತ್ತ ಹೋದವನಿಗೆ ಹುರಿ ಹಿಂದೆ ಉಳಿದದ್ದು ತಿಳಿಯುವುದಿಲ್ಲ.

ಟೆನಿಸ್ ಎಂಬ ಹೆಸರು ನಗೆಗೆ ಕಾರಣವಾದೀತು, ಅಷ್ಟೆ. ಅಪಾಯ ತಂದದ್ದು ಎರಡನೆಯ ಹೆಸರು: ಉರಿಯೂತ. ನೋವಿದ್ದಲ್ಲಿ ಉರಿಯೂತವಿರಲೇಬೇಕೆಂಬ ನಂಬಿಕೆ ಶಾಸ್ತ್ರಗ್ರಂಥಗಳಲ್ಲಿ ಬೇರೂರಿತ್ತು. ಉರಿಯೂತವಾದರೆ ಕೈಗೆ ವಿಶ್ರಾಂತಿ ಕೊಡಬೇಕು, ಉರಿ ತಗ್ಗಿಸಬೇಕು. ಹೆಂಚ್ ಮತ್ತು ಕೆಂಡಾಲರ ಕಾರ್ಟಿಸೋನಿಗೆ 1950ರಲ್ಲಿ ನೊಬೆಲ್ ಬಂದ ಮೇಲೆ ಆ ಜಾತಿಯ ಔಷಧ ಮೊಣಕೈಗಳಿಗೂ ಇಳಿಯಿತು. ನನಗೂ ಒಂದು ಚುಚ್ಚುಮದ್ದು ಸಿಕ್ಕಿತು. ಹತ್ತೇ ದಿನಗಳಲ್ಲಿ ನೋವು ಮಾಯ! ಮೂರನೆಯ ತಿಂಗಳು ಅದು ಬಡ್ಡಿಸಹಿತ ಹಿಂತಿರುಗಿತು.

ಇದು ನನ್ನೊಬ್ಬನ ದುರದೃಷ್ಟವೆಂದೇ ಭಾವಿಸಿದ್ದೆ. ಆಸ್ಟ್ರೇಲಿಯಾದಲ್ಲಿ 198 ಮಂದಿಯ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯನ್ನು ಓದಿದಾಗ ಕಣ್ಣು ತೆರೆಯಿತು. ಚುಚ್ಚುಮದ್ದು ಪಡೆದವರಲ್ಲಿ ಆರು ವಾರಗಳಿಗೆ ನೂರಕ್ಕೆ 78 ಜನ ಗುಣ ಕಂಡರು. ಹಾಗೆ ಗುಣ ಕಂಡವರಲ್ಲೇ ನೂರಕ್ಕೆ 72 ಜನರಿಗೆ ನೋವು ಮರುಕಳಿಸಿತು. ವರ್ಷಾಂತ್ಯಕ್ಕೆ ಅಂಗಮರ್ದನ, ವ್ಯಾಯಾಮಗಳ ಚಿಕಿತ್ಸೆ ಪಡೆದವರು ಮುಂದಿದ್ದರು. ಸುಮ್ಮನೆ ಕಾದವರೂ ಅವರಿಗಿಂತ ಬಹಳ ಹಿಂದೆ ಬಿದ್ದಿರಲಿಲ್ಲ, ಇದನ್ನು ಮುಚ್ಚಿಡಬಾರದು.

ಹೆಸರು ತಪ್ಪೆಂಬ ಸುಳಿವು ಬಹಳ ಹಿಂದೆಯೇ ಸಿಕ್ಕಿತ್ತು. ಅಮೆರಿಕದ ನಿರ್ಷ್ಲ್ ಮತ್ತು ಪೆಟ್ರೋನ್ 88 ಮೊಣಕೈಗಳ ಶಸ್ತ್ರಚಿಕಿತ್ಸೆಯ ಅನುಭವವನ್ನು 1979ರಲ್ಲಿ ಪ್ರಕಟಿಸಿದರು. ಅವರು ಕಂಡದ್ದು ಉರಿಯೂತವನ್ನಲ್ಲ. ನೂಲು ಸಿಕ್ಕುಗಟ್ಟಿದಂತಹ, ದುರಸ್ತಿ ಅರ್ಧಕ್ಕೇ ನಿಂತ ಹುರಿಯನ್ನು. ಅಂಥ ಹುರಿಗೆ ವಿಶ್ರಾಂತಿಯೊಂದೇ ಮದ್ದಾಗುವುದು ಹೇಗೆ?

ಉತ್ತರದ ಕಥೆಯಲ್ಲಿ ಹಾಸ್ಯರಸವಿದೆ. ಸ್ವೀಡನ್ನಿನ ಮೂಳೆವೈದ್ಯ ಹಾಕನ್ ಆಲ್ಫ್ರೆಡ್‌ಸನ್ ಸ್ವತಃ ಓಟಗಾರರು. ಹಿಮ್ಮಡಿಯ ಹುರಿ ನೋಯುತ್ತಿತ್ತು. ಮೇಲಧಿಕಾರಿ ಶಸ್ತ್ರಚಿಕಿತ್ಸೆ ಬೇಡವೆಂದರು. ಹುರಿ ಹರಿದೇ ಹೋದರೆ ಒಪ್ಪಲೇಬೇಕಲ್ಲ ಎಂದುಕೊಂಡು ಅದನ್ನು ಭಾರದಿಂದ ಬಡಿಯತೊಡಗಿದರಂತೆ. ಹರಿಯುವ ಬದಲು ಅದು ವಾಸಿಯಾಯಿತು! 1998ರಲ್ಲಿ ಅವರ ತಂಡ ಹದಿನೈದು ಓಟಗಾರರಿಗೆ ಹನ್ನೆರಡು ವಾರ ಭಾರವನ್ನು ಮೆಲ್ಲನೆ ಇಳಿಸುವ ವ್ಯಾಯಾಮ ಮಾಡಿಸಿತು. ಹದಿನೈದು ಮಂದಿಯೂ ಮತ್ತೆ ಓಡಿದರು. ಕೆನಡಾದ ಸ್ಟ್ಯಾನಿಷ್ ಮತ್ತು ಕರ್ವಿನ್ ಇದೇ ದಾರಿಯನ್ನು ಎಂಬತ್ತರ ದಶಕದಲ್ಲಿಯೇ ತೋರಿದ್ದರು. ಹಿಮ್ಮಡಿಯ ಪಾಠ ಕ್ರಮೇಣ ಮೊಣಕೈಗೂ ಬಂತು.

ಈ ಪಾಠವನ್ನು ನನಗೆ ಕಲಿಸಿದ್ದು ಒಬ್ಬ ಯುವ ವ್ಯಾಯಾಮ ಚಿಕಿತ್ಸಕಿ. ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಮುಖವಾಗಿಸಿ, ಒಂದು ಕಿಲೋ ತೂಕವನ್ನು ಎಡಗೈಯ ನೆರವಿನಿಂದ ಮೇಲೆತ್ತಿ, ಬಲಗೈಯೊಂದರಿಂದಲೇ ಮೆಲ್ಲನೆ ಇಳಿಸಬೇಕು. ಕೊಂಚ ನೋಯಬಹುದು, ಮರುದಿನ ಹೆಚ್ಚಬಾರದು. “ಸಾರ್, ಕಬ್ಬಿಣ ಬಿಡಬೇಡಿ, ಅವಸರ ಬಿಡಿ” ಎಂದರು. ಕಾಫಿ ಲೋಟ ಬಲಗೈಗೆ ಮರಳಲು ಒಂಬತ್ತು ವಾರ ಹಿಡಿಯಿತು. ಆರನೆಯ ತಿಂಗಳು ಅರ್ಧ ತೂಕದೊಂದಿಗೆ ಮತ್ತೆ ಕಬ್ಬಿಣ ಹಿಡಿದೆ.

ಈ ಭಾಷಣದ ಕರಡನ್ನು ಬಲಗೈಯಿಂದಲೇ ಬರೆದಿದ್ದೇನೆ. ಮೂರನೆಯ ಪುಟದಲ್ಲಿ ಒಮ್ಮೆ ಚಳುಕು ಹೊಡೆಯಿತು. ಲೇಖನಿ ಕೆಳಗಿಟ್ಟು, ಕಾಫಿ ಕುಡಿದು, ಮುಂದುವರಿಸಿದೆ.